ಅಸ್ತಮಾದಲ್ಲಿ ಶ್ವಾಸನಾಳ ಅಷ್ಟು ಬೇಗ ಬಿಗಿಯುವುದೇಕೆ? ಒಂದು ಗಂಧಕದ ಅಣು ಮತ್ತು ಅದನ್ನು ಒಡೆಯುವ ಕಿಣ್ವ

ಅಸ್ತಮಾ ಇರುವವರ ಉಸಿರಿನಲ್ಲಿ ನೈಟ್ರಿಕ್ ಆಕ್ಸೈಡ್ ಎಂಬ ಅನಿಲ ಉಳಿದವರಿಗಿಂತ ಹೆಚ್ಚಾಗಿರುತ್ತದೆ. ಸ್ವೀಡನ್ನಿನ ಕರೋಲಿನ್ಸ್ಕಾ ಸಂಸ್ಥೆಯ ಸಂಶೋಧಕರು 1993ರಲ್ಲಿ ಇದನ್ನು ವರದಿ ಮಾಡಿದಾಗ ಶ್ವಾಸಕೋಶ ತಜ್ಞರಿಗೆ ಒಂದು ತಲೆನೋವು ಶುರುವಾಯಿತು. ನಯಸ್ನಾಯುಗಳನ್ನು ಸಡಿಲಿಸುವುದು ಈ ಅನಿಲದ ಪ್ರಸಿದ್ಧ ಗುಣ. ರಕ್ತನಾಳದ ಗೋಡೆಯಲ್ಲಿ ಅದು ಮಾಡುವ ಕೆಲಸವೇ ಅದು. ಶ್ವಾಸನಾಳದ ಸುತ್ತಲೂ ಇರುವುದು ಅದೇ ಜಾತಿಯ ಸ್ನಾಯು. ಹಾಗಾದರೆ ಸಡಿಲಿಸುವ ವಸ್ತು ಯಥೇಚ್ಛವಾಗಿರುವ ಕಡೆಯಲ್ಲೇ ನಾಳ ಏಕೆ ಬಿಗಿಯುತ್ತದೆ?

ಈ ಪ್ರಶ್ನೆಯ ಬೆನ್ನು ಹತ್ತಿದವರು ತಲುಪಿದ್ದು ಎಸ್-ನೈಟ್ರೋಸೋಗ್ಲುಟಾಥಯೋನ್ ಎಂಬ ಸಂಯುಕ್ತಕ್ಕೆ. ಹೆಸರು ಉದ್ದವಾದ್ದರಿಂದ ವಿಜ್ಞಾನಿಗಳೂ ಅದನ್ನು ಜಿಎಸ್‌ಎನ್‌ಒ ಎಂದೇ ಕರೆಯುತ್ತಾರೆ. ಅದು ಹೊರಗಿನಿಂದ ಬಂದ ಮದ್ದಲ್ಲ, ನಮ್ಮ ಶ್ವಾಸಕೋಶವೇ ತಯಾರಿಸಿಕೊಳ್ಳುವ ಅಣು. ಅಸ್ತಮಾ ಎಂದರೆ ಏನೋ ಒಂದು ಅತಿಯಾಗಿದೆ, ಕೆರಳಿಸುವ ವಸ್ತು ಹೆಚ್ಚಾಗಿದೆ ಎಂದು ಯೋಚಿಸುವುದು ನಮಗೆಲ್ಲ ರೂಢಿ. ಈ ಅಣುವಿನ ಕಥೆ ಅದಕ್ಕೆ ತಿರುವುಮುರುವಾದ ಒಂದು ಸಾಧ್ಯತೆಯನ್ನು ಮುಂದಿಡುತ್ತದೆ: ನಾಳವನ್ನು ತೆರೆದಿಡುವ ದೇಹದ ಸ್ವಂತ ವ್ಯವಸ್ಥೆ ಬೇಗ ಬೇಗ ನಾಶವಾಗುತ್ತಿರಬಹುದು.

ಮೊದಲು 'ಅತಿಯಾಗಿ ಪ್ರತಿಕ್ರಿಯಿಸುವ ಶ್ವಾಸನಾಳ' ಎಂದರೇನು ಎಂಬುದನ್ನು ಸರಿಯಾಗಿ ನೋಡಬೇಕು. ತಣ್ಣನೆಯ ಗಾಳಿ, ಹೊಗೆ, ಧೂಳು, ಇಂಥವುಗಳಿಂದ ಯಾರ ಶ್ವಾಸನಾಳವೂ ಸ್ವಲ್ಪ ಬಿಗಿಯಬಹುದು. ಆರೋಗ್ಯವಂತರಿಗೆ ಅದು ಗೊತ್ತೇ ಆಗುವುದಿಲ್ಲ. ಅಸ್ತಮಾ ಇರುವವರಲ್ಲಿ ಅದೇ ಪ್ರಚೋದನೆಗೆ ನಾಳ ಎಷ್ಟೋ ಪಟ್ಟು ಹೆಚ್ಚು ಬಿಗಿಯುತ್ತದೆ. ಇದನ್ನು ಅಳೆಯಲು ಮೆಥಕೋಲಿನ್ ಎಂಬ ರಾಸಾಯನಿಕವನ್ನು ಬಳಸಿ ಮಾಡುವ ಪರೀಕ್ಷೆಯೊಂದಿದೆ.

ಪರೀಕ್ಷೆಗೆ ಬಂದವರ ಮೂಗಿಗೆ ಕ್ಲಿಪ್ ಹಾಕಿ, ದೀರ್ಘವಾಗಿ ಉಸಿರೆಳೆದುಕೊಂಡು ಸ್ಪೈರೋಮೀಟರ್‌ನ ಕೊಳವೆಗೆ ಬಲವಾಗಿ ಊದಲು ಹೇಳುತ್ತಾರೆ. ಮೊದಲ ಒಂದು ಸೆಕೆಂಡಿನಲ್ಲಿ ಎಷ್ಟು ಗಾಳಿ ಹೊರಬಂತು ಎಂಬುದನ್ನು ಬರೆದಿಟ್ಟುಕೊಳ್ಳುತ್ತಾರೆ. ಆಮೇಲೆ ಬಹಳ ತೆಳುವಾದ ಮೆಥಕೋಲಿನ್ ದ್ರಾವಣವನ್ನು ಮಂಜಿನಂತೆ ಉಸಿರಾಡಿಸಿ ಮತ್ತೆ ಊದಿಸುತ್ತಾರೆ. ಬಳಿಕ ಪ್ರಮಾಣ ಹೆಚ್ಚಿಸಿ ಮತ್ತೊಮ್ಮೆ, ಇನ್ನಷ್ಟು ಹೆಚ್ಚಿಸಿ ಮಗದೊಮ್ಮೆ. ಮೊದಲ ಸೆಕೆಂಡಿನ ಗಾಳಿ ಶೇಕಡಾ 20ರಷ್ಟು ಕುಸಿದ ಕೂಡಲೇ ಪರೀಕ್ಷೆಯನ್ನು ನಿಲ್ಲಿಸಿ, ನಾಳ ತೆರೆಯುವ ಔಷಧ ಕೊಡುತ್ತಾರೆ. ಪ್ರತಿ ಮಿಲಿಲೀಟರ್‌ಗೆ 16 ಮಿಲಿಗ್ರಾಂ ಇರುವ ದ್ರಾವಣಕ್ಕೂ ಅಷ್ಟು ಕುಸಿಯದಿದ್ದರೆ ನಾಳ ಸಹಜವಾಗಿದೆ ಎಂದು ಲೆಕ್ಕ. ಒಂದು ಮಿಲಿಗ್ರಾಂಗೂ ಕಡಿಮೆ ಇರುವಾಗಲೇ ಕುಸಿದರೆ ಆ ನಾಳ ತೀರಾ ಮುಂಗೋಪಿ. ಮೆಥಕೋಲಿನ್ ಅಲರ್ಜಿಯ ವಸ್ತುವಲ್ಲ ಎಂಬುದನ್ನು ಗಮನಿಸಬೇಕು. ಅದು ಸ್ನಾಯುವಿಗೆ ನೇರವಾಗಿ 'ಬಿಗಿಯಾಗು' ಎಂದು ಹೇಳುವ ಅಣು. ಆದ್ದರಿಂದ ಈ ಪರೀಕ್ಷೆ ಅಳೆಯುವುದು ನಾಳದ ಸ್ವಭಾವವನ್ನು.

ಸ್ವಲ್ಪ ಬಿಗಿದರೆ ಅಷ್ಟೊಂದು ಕಷ್ಟವೇಕೆ ಎಂಬುದಕ್ಕೂ ಲೆಕ್ಕವಿದೆ. ನಾಳದಲ್ಲಿ ಗಾಳಿ ಸುಗಮವಾಗಿ ಹರಿಯುವಾಗ ಅದಕ್ಕೆ ಎದುರಾಗುವ ತಡೆ ನಾಳದ ತ್ರಿಜ್ಯದ ನಾಲ್ಕನೆಯ ಘಾತಕ್ಕೆ ವಿಲೋಮವಾಗಿರುತ್ತದೆ. ತ್ರಿಜ್ಯ ಅರ್ಧಕ್ಕೆ ಇಳಿದರೆ ತಡೆ ಎರಡು ಪಟ್ಟಲ್ಲ, 16 ಪಟ್ಟು ಏರುತ್ತದೆ. ಉಬ್ಬಸ ಬಂದವರ ಪಕ್ಕದಲ್ಲಿ ಕುಳಿತು 'ಸಮಾಧಾನವಾಗಿ ಉಸಿರಾಡು' ಎನ್ನುವವರು ಈ ಅಂಕಿಯನ್ನು ನೆನಪಿಟ್ಟುಕೊಳ್ಳಬೇಕು. ಅಲ್ಲಿ ನಡೆಯುತ್ತಿರುವುದು ಗಾಬರಿಯ ನಾಟಕವಲ್ಲ, ಭೌತಶಾಸ್ತ್ರ.

ಹಲವು ದಶಕಗಳಿಂದ ಅಸ್ತಮಾದ ಚಿಕಿತ್ಸೆ ನಿಂತಿರುವುದು ಉರಿಯೂತದ ಮೇಲೆ. ಅಲರ್ಜಿಯಿಂದ ನಾಳದ ಒಳಪದರ ಊದಿಕೊಳ್ಳುತ್ತದೆ, ಇಯೋಸಿನೊಫಿಲ್ ಎಂಬ ಬಿಳಿ ರಕ್ತಕಣಗಳು ಮುತ್ತುತ್ತವೆ, ಕಫ ಹೆಚ್ಚುತ್ತದೆ. ಉಸಿರಿನ ಮೂಲಕ ತೆಗೆದುಕೊಳ್ಳುವ ಸ್ಟೀರಾಯ್ಡ್ ಇದನ್ನು ಚೆನ್ನಾಗಿ ತಗ್ಗಿಸುತ್ತದೆ, ಎಷ್ಟೋ ಜೀವಗಳನ್ನು ಉಳಿಸಿದೆ. ಆದರೂ ಉರಿಯೂತ ಇಳಿದ ಮೇಲೂ ಕೆಲವರಲ್ಲಿ ನಾಳದ ಮುಂಗೋಪ ಉಳಿದೇ ಇರುತ್ತದೆ. ಉರಿಯೂತ ಮತ್ತು ಅತಿ ಪ್ರತಿಕ್ರಿಯೆ ಜೊತೆಜೊತೆಗೆ ಬರುತ್ತವೆ ನಿಜ, ಆದರೆ ಎರಡೂ ಒಂದೇ ಅಲ್ಲ. ಜಿಎಸ್‌ಎನ್‌ಒ ಸಂಶೋಧನೆ ನನಗೆ ಮುಖ್ಯವೆನಿಸುವುದು ಇದೇ ಕಾರಣಕ್ಕೆ: ಇವೆರಡನ್ನೂ ಬಿಡಿಸಿ ನೋಡುವ ದಾರಿಯನ್ನು ಅದು ತೋರಿಸಿತು.

ನೈಟ್ರಿಕ್ ಆಕ್ಸೈಡ್ ವಿಷಯಕ್ಕೆ ಮರಳೋಣ. ಒಂದು ಸಾರಜನಕ, ಒಂದು ಆಮ್ಲಜನಕ, ಅಷ್ಟೇ ಇರುವ ಈ ಪುಟ್ಟ ಅಣು ದೇಹದಲ್ಲಿ ಸಂದೇಶವಾಹಕವಾಗಿ ದುಡಿಯುತ್ತದೆ ಎಂಬುದು 1980ರ ದಶಕದಲ್ಲಿ ಸ್ಪಷ್ಟವಾಯಿತು. ರಾಬರ್ಟ್ ಫರ್ಚ್‌ಗಾಟ್, ಲೂಯಿ ಇಗ್ನಾರೊ ಮತ್ತು ಫೆರಿಡ್ ಮುರಾದ್ ಅವರಿಗೆ ಇದಕ್ಕಾಗಿ 1998ರಲ್ಲಿ ನೊಬೆಲ್ ಬಂತು. ಅಸ್ತಮಾದ ಉರಿಯೂತದಲ್ಲಿ ಇಂಟರ್‌ಲ್ಯೂಕಿನ್-4 ಮತ್ತು 13 ಎಂಬ ಸಂಕೇತ ಪ್ರೋಟೀನುಗಳು ಶ್ವಾಸನಾಳದ ಒಳಪದರದ ಕೋಶಗಳನ್ನು ಕೆರಳಿಸಿ, ನೈಟ್ರಿಕ್ ಆಕ್ಸೈಡ್ ತಯಾರಿಸುವ ಕಿಣ್ವವನ್ನು ಹೆಚ್ಚಿಸುತ್ತವೆ. ಉಸಿರಿನಲ್ಲಿ ಅನಿಲ ಏರುವುದು ಹೀಗೆ.

ಇಲ್ಲಿಂದ ಎರಡು ಊಹೆಗಳು ಹುಟ್ಟಿದವು. ಅನಿಲ ಒಳ್ಳೆಯದಾದರೆ ಅದನ್ನೇ ಉಸಿರಾಡಿಸೋಣ ಎಂಬುದು ಒಂದು. ಆ ಪ್ರಯೋಗಗಳಲ್ಲಿ ಅಸ್ತಮಾ ಇರುವವರ ನಾಳ ತೆರೆದುಕೊಂಡದ್ದು ತೀರಾ ಅಲ್ಪ. ಅನಿಲವೇ ಖಳನಾಯಕನಾದರೆ ಅದರ ಉತ್ಪಾದನೆಯನ್ನು ತಡೆಯೋಣ ಎಂಬುದು ಇನ್ನೊಂದು. ಆ ಕಿಣ್ವವನ್ನು ತಡೆಯುವ ಮದ್ದೊಂದನ್ನು ಅಲರ್ಜಿ ಅಸ್ತಮಾ ಇರುವವರ ಮೇಲೆ ಪರೀಕ್ಷಿಸಿದ ಫಲಿತಾಂಶ 2007ರಲ್ಲಿ ಪ್ರಕಟವಾಯಿತು. ಉಸಿರಿನ ನೈಟ್ರಿಕ್ ಆಕ್ಸೈಡ್ ಗಣನೀಯವಾಗಿ ಇಳಿಯಿತು. ಅಲರ್ಜಿ ವಸ್ತುವಿಗೆ ನಾಳ ಬಿಗಿಯುವುದಾಗಲಿ, ಅದರ ಅತಿ ಪ್ರತಿಕ್ರಿಯೆಯಾಗಲಿ ಇಳಿಯಲಿಲ್ಲ. ಎರಡೂ ಊಹೆಗಳು ಕೈಕೊಟ್ಟವು. ಅನಿಲದ ಪ್ರಮಾಣವನ್ನಷ್ಟೇ ನೋಡಿದರೆ ಉತ್ತರ ಸಿಗುವುದಿಲ್ಲ ಎಂಬುದಕ್ಕೆ ಇದಕ್ಕಿಂತ ಸಾಕ್ಷಿ ಬೇಕಿಲ್ಲ.

ನೈಟ್ರಿಕ್ ಆಕ್ಸೈಡ್ ಬಿಡಿಯಾಗಿ ಬಹಳ ಹೊತ್ತು ಬದುಕುವುದಿಲ್ಲ. ಕೆಲವೇ ಸೆಕೆಂಡುಗಳಲ್ಲಿ ಅದು ಬೇರೆ ಯಾವುದಕ್ಕಾದರೂ ಅಂಟಿಕೊಳ್ಳುತ್ತದೆ. ಹಾಗೆ ಅಂಟಿಕೊಳ್ಳಲು ಶ್ವಾಸಕೋಶದಲ್ಲಿ ಧಾರಾಳವಾಗಿ ಸಿಗುವ ಅಣು ಗ್ಲುಟಾಥಯೋನ್. ಮೂರು ಅಮೈನೋ ಆಮ್ಲಗಳ ಈ ಅಣುವಿನಲ್ಲಿ ನಡುವಿನ ಅಮೈನೋ ಆಮ್ಲಕ್ಕೆ ಗಂಧಕವಿದೆ. ಆ ಗಂಧಕಕ್ಕೆ ನೈಟ್ರಿಕ್ ಆಕ್ಸೈಡ್ ಗುಂಪು ಸೇರಿಕೊಂಡಾಗ ಆಗುವುದೇ ಜಿಎಸ್‌ಎನ್‌ಒ. ಇದು ಅನಿಲಕ್ಕಿಂತ ಸ್ಥಿರ. ತನ್ನಲ್ಲಿರುವ ಗುಂಪನ್ನು ಕೋಶದೊಳಗಿನ ಪ್ರೋಟೀನುಗಳ ಗಂಧಕಕ್ಕೆ ದಾಟಿಸಿ ಆ ಪ್ರೋಟೀನುಗಳ ವರ್ತನೆಯನ್ನೇ ಬದಲಾಯಿಸಬಲ್ಲದು. ಬಿಡಿ ಅನಿಲ ಸಾಮಾನ್ಯವಾಗಿ ಹಿಡಿಯುವ ದಾರಿಯ ಜೊತೆಗೆ ಇನ್ನೊಂದು ದಾರಿಯೂ ಇದಕ್ಕೆ ತೆರೆದಿದೆ ಎಂದರ್ಥ.

ಬೆಂಜಮಿನ್ ಗ್ಯಾಸ್ಟನ್, ಜೊನಾಥನ್ ಸ್ಟ್ಯಾಮ್ಲರ್ ಮತ್ತು ಸಂಗಡಿಗರು ಮನುಷ್ಯರ ಶ್ವಾಸನಾಳದ ಒಳಗಿನ ದ್ರವದಲ್ಲಿ ಇಂಥ ಗಂಧಕ ಸಂಯುಕ್ತಗಳು ಸಹಜವಾಗಿಯೇ ಇವೆ ಎಂದು 1993ರಲ್ಲಿ ತೋರಿಸಿದರು. ಪ್ರಯೋಗಾಲಯದಲ್ಲಿಟ್ಟ ಮನುಷ್ಯರ ಶ್ವಾಸನಾಳದ ತುಂಡುಗಳನ್ನು ಜಿಎಸ್‌ಎನ್‌ಒ ಸಡಿಲಿಸಿತು. ಅಸ್ತಮಾಕ್ಕೆ ದಶಕಗಳಿಂದ ಬಳಸುತ್ತಿದ್ದ ತಿಯೋಫಿಲಿನ್‌ಗಿಂತ ಅದು ಬಹಳ ಪ್ರಬಲವಾಗಿತ್ತು. ಕರೋಲಿನ್ಸ್ಕಾದವರು ಉಸಿರಿನ ಅನಿಲವನ್ನು ಅಳೆದದ್ದೂ ಅದೇ ವರ್ಷ ಎಂಬುದು ಕಾಕತಾಳೀಯ.

ಮುಂದಿನ ಸುಳಿವು ಬಂದದ್ದು ತೀವ್ರ ನಿಗಾ ಘಟಕದಿಂದ. ತೀವ್ರ ಅಸ್ತಮಾದಿಂದ ಉಸಿರಾಟವೇ ಸೋತು ಶ್ವಾಸನಾಳಕ್ಕೆ ಕೊಳವೆ ಇಡಬೇಕಾಗಿ ಬಂದ ಮಕ್ಕಳ ನಾಳದ ದ್ರವವನ್ನು ಗ್ಯಾಸ್ಟನ್ ಅವರ ತಂಡ ಪರೀಕ್ಷಿಸಿತು. ಹೋಲಿಕೆಗೆ, ಬೇರೆ ಶಸ್ತ್ರಚಿಕಿತ್ಸೆಗೆಂದು ಕೊಳವೆ ಇಟ್ಟಿದ್ದ ಮಕ್ಕಳ ದ್ರವ. 1998ರಲ್ಲಿ ಪ್ರಕಟವಾದ ಆ ಅಧ್ಯಯನ ಸಣ್ಣದು, ಆದರೆ ವ್ಯತ್ಯಾಸ ಸಣ್ಣದಾಗಿರಲಿಲ್ಲ. ಅಸ್ತಮಾ ಮಕ್ಕಳಲ್ಲಿ ಈ ಗಂಧಕ ಸಂಯುಕ್ತಗಳು ಹಲವು ಪಟ್ಟು ಕಡಿಮೆ ಇದ್ದವು. ಕಚ್ಚಾವಸ್ತುವಾದ ಅನಿಲ ಹೆಚ್ಚು, ಅದರಿಂದ ಆಗಬೇಕಾದ ರಕ್ಷಕ ಅಣು ಕಡಿಮೆ. ತೊಟ್ಟಿಗೆ ನಲ್ಲಿಯಿಂದ ನೀರು ಧೋ ಎಂದು ಸುರಿಯುತ್ತಿದ್ದರೂ ತೊಟ್ಟಿ ತುಂಬುತ್ತಿಲ್ಲವೆಂದರೆ ತಳದಲ್ಲಿ ತೂತಿದೆಯೇ ಎಂದು ನೋಡಬೇಕಲ್ಲವೇ?

ತೂತು ಸಿಕ್ಕಿದ್ದು 2001ರಲ್ಲಿ. ಜಿಎಸ್‌ಎನ್‌ಒವನ್ನು ಗುರಿಯಿಟ್ಟು ಒಡೆಯುವ ಕಿಣ್ವವೊಂದು ಬ್ಯಾಕ್ಟೀರಿಯಾದಿಂದ ಹಿಡಿದು ಮನುಷ್ಯರವರೆಗೆ ಎಲ್ಲರಲ್ಲೂ ಇದೆ ಎಂದು ಸ್ಟ್ಯಾಮ್ಲರ್ ಅವರ ಗುಂಪು ವರದಿ ಮಾಡಿತು. ಅದಕ್ಕೆ ಜಿಎಸ್‌ಎನ್‌ಒ ರಿಡಕ್ಟೇಸ್ ಎಂದು ಹೆಸರು. ಈ ಕಿಣ್ವ ಜಿಎಸ್‌ಎನ್‌ಒ ಅಣುವನ್ನು ಒಡೆದರೆ ಮತ್ತೆ ನೈಟ್ರಿಕ್ ಆಕ್ಸೈಡ್ ಬಿಡುಗಡೆಯಾಗುವುದಿಲ್ಲ, ನಿರುಪಯೋಗಿ ಪದಾರ್ಥಗಳಾಗುತ್ತವೆ. ಕಿಣ್ವ ನೇರವಾಗಿ ಒಡೆಯುವುದು ಜಿಎಸ್‌ಎನ್‌ಒವನ್ನು ಮಾತ್ರ. ಆದರೆ ಪ್ರೋಟೀನುಗಳ ಗಂಧಕದ ಮೇಲಿರುವ ನೈಟ್ರಿಕ್ ಆಕ್ಸೈಡ್ ಗುಂಪುಗಳು ಜಿಎಸ್‌ಎನ್‌ಒ ಜೊತೆ ಸಮತೋಲನದಲ್ಲಿರುವುದರಿಂದ, ಒಂದು ಕಡೆ ಖಾಲಿಯಾದರೆ ಇನ್ನೊಂದು ಕಡೆಯೂ ಬರಿದಾಗುತ್ತದೆ.

ಇನ್ನು 2005ರ ಪ್ರಯೋಗ. ಈ ವಿಷಯದಲ್ಲಿ ಒಂದೇ ಒಂದು ಪ್ರಯೋಗವನ್ನು ತಿಳಿಯಲು ಸಮಯವಿದ್ದರೆ ಇದನ್ನು ತಿಳಿಯಿರಿ ಎನ್ನುತ್ತೇನೆ. ಅಮೆರಿಕದ ಡ್ಯೂಕ್ ವಿಶ್ವವಿದ್ಯಾಲಯದಲ್ಲಿ ಲೊರೆಟ್ಟಾ ಕ್ವೆ, ಸ್ಟ್ಯಾಮ್ಲರ್ ಮತ್ತು ಸಹೋದ್ಯೋಗಿಗಳು ಎರಡು ಬಗೆಯ ಇಲಿಗಳನ್ನು ತೆಗೆದುಕೊಂಡರು. ಒಂದು ಗುಂಪು ಸಾಮಾನ್ಯ ಇಲಿಗಳದು. ಇನ್ನೊಂದರಲ್ಲಿ ಈ ಕಿಣ್ವದ ಜೀನನ್ನೇ ತೆಗೆದುಹಾಕಲಾಗಿತ್ತು. ಎರಡಕ್ಕೂ ಮೊಟ್ಟೆಯ ಬಿಳಿಭಾಗದ ಪ್ರೋಟೀನಾದ ಓವಾಲ್ಬುಮಿನ್‌ಗೆ ಅಲರ್ಜಿ ಬರುವಂತೆ ಮಾಡಿ, ಆಮೇಲೆ ಮೆಥಕೋಲಿನ್ ಕೊಟ್ಟು ಶ್ವಾಸನಾಳದ ತಡೆಯನ್ನು ಅಳೆದರು. ಸಾಮಾನ್ಯ ಇಲಿಗಳಲ್ಲಿ ನಿರೀಕ್ಷೆಯಂತೆ ಜಿಎಸ್‌ಎನ್‌ಒ ಬಳಗದ ಸಂಯುಕ್ತಗಳು ಬತ್ತಿದ್ದವು, ನಾಳ ಜೋರಾಗಿ ಬಿಗಿಯಿತು. ಕಿಣ್ವವಿಲ್ಲದ ಇಲಿಗಳಲ್ಲಿ ಆ ಸಂಯುಕ್ತಗಳು ಹೇರಳವಾಗಿದ್ದವು, ನಾಳ ಅತಿಯಾಗಿ ಪ್ರತಿಕ್ರಿಯಿಸಲೇ ಇಲ್ಲ.

ಅಲರ್ಜಿಯೇ ಸರಿಯಾಗಿ ಹತ್ತಿರಲಿಕ್ಕಿಲ್ಲ ಎಂದು ಯಾರಾದರೂ ಅನುಮಾನಿಸಬಹುದು. ಅದನ್ನೂ ನೋಡಲಾಯಿತು. ಕಿಣ್ವವಿಲ್ಲದ ಇಲಿಗಳ ಶ್ವಾಸಕೋಶದಲ್ಲಿ ಬಿಳಿ ರಕ್ತಕಣಗಳು ಸಾಮಾನ್ಯ ಇಲಿಗಳಷ್ಟೇ ಮುತ್ತಿದ್ದವು. ಇಂಟರ್‌ಲ್ಯೂಕಿನ್-13 ಕೂಡ, ಅಲರ್ಜಿಯ ಪ್ರತಿಕಾಯವಾದ ಐಜಿಇ ಕೂಡ ಹೆಚ್ಚುಕಡಿಮೆ ಅಷ್ಟೇ ಇದ್ದವು. ಉರಿಯೂತ ಪೂರ್ತಿ ಇದೆ, ಆದರೆ ನಾಳ ಶಾಂತವಾಗಿದೆ. ಇವೆರಡೂ ಬೇರೆ ಬೇರೆ ಎಂಬ ಮಾತಿಗೆ ಇಷ್ಟು ನೇರವಾದ ಪುರಾವೆ ಅಪರೂಪ.

ಅದೇ ಪ್ರಯೋಗಮಾಲೆಯಲ್ಲಿ ಇನ್ನೊಂದು ಸಂಗತಿಯೂ ಹೊರಬಿತ್ತು. ನೀಲಿ ಇನ್‌ಹೇಲರ್ ಎಂದು ರೋಗಿಗಳು ಗುರುತಿಸುವ ಸಾಲ್ಬ್ಯುಟಮಾಲ್‌ನಂಥ ಔಷಧಗಳು ಸ್ನಾಯುವಿನ ಮೇಲಿರುವ ಬೀಟಾ-2 ಗ್ರಾಹಿಗಳ, ಅಂದರೆ ಔಷಧದ ಸಂಕೇತವನ್ನು ಹಿಡಿಯುವ ಪ್ರೋಟೀನುಗಳ, ಮೂಲಕ ಕೆಲಸ ಮಾಡುತ್ತವೆ. ಪದೇ ಪದೇ ಬಳಸಿದರೆ ಗ್ರಾಹಿಗಳು ದಣಿಯುತ್ತವೆ, ಮೊದಲಿನ ಪರಿಣಾಮ ಬರುವುದಿಲ್ಲ. ಸಾಮಾನ್ಯ ಇಲಿಗಳ ಶ್ವಾಸನಾಳದಲ್ಲಿ ಹೀಗಾಯಿತು. ಕಿಣ್ವವಿಲ್ಲದ ಇಲಿಗಳ ನಾಳ ಮಾತ್ರ ಮತ್ತೆ ಮತ್ತೆ ಕೊಟ್ಟಾಗಲೂ ಸಡಿಲಗೊಳ್ಳುತ್ತಲೇ ಇತ್ತು. ಕಾರಣದ ಒಂದು ಎಳೆ 2007ರಲ್ಲಿ ಸಿಕ್ಕಿತು. ಗ್ರಾಹಿಯನ್ನು ಸುಮ್ಮನಾಗಿಸುವುದು ಜಿಆರ್‌ಕೆ2 ಎಂಬ ಇನ್ನೊಂದು ಕಿಣ್ವ. ಅದರ ಗಂಧಕಕ್ಕೆ ಜಿಎಸ್‌ಎನ್‌ಒ ತನ್ನ ಗುಂಪನ್ನು ದಾಟಿಸಿದರೆ ಅದರ ಕೈ ಕಟ್ಟಿದಂತಾಗುತ್ತದೆ, ಗ್ರಾಹಿ ಎಚ್ಚರವಾಗಿಯೇ ಇರುತ್ತದೆ. ಹೀಗಾಗಿ ಜಿಎಸ್‌ಎನ್‌ಒ ಬತ್ತಿದ ನಾಳದಲ್ಲಿ ಎರಡು ನಷ್ಟಗಳು ಒಟ್ಟಿಗೆ ಸಂಭವಿಸುತ್ತವೆ: ದೇಹದ ಸ್ವಂತ ಸಡಿಲಕ ಇಲ್ಲ, ಹೊರಗಿನಿಂದ ಕೊಟ್ಟ ಔಷಧವೂ ಬೇಗ ಮೊಂಡಾಗುತ್ತದೆ.

ಇಲಿಗಳಲ್ಲಿ ಗುಣವಾದ ಕಾಯಿಲೆಗಳ ಪಟ್ಟಿ ಉದ್ದವಿದೆ, ಮನುಷ್ಯರಲ್ಲಿ ನೋಡದೆ ನಂಬಲಾಗದು. ಕ್ವೆ ಅವರ ತಂಡ ಸೌಮ್ಯ ಅಸ್ತಮಾ ಇರುವವರ ಮತ್ತು ಆರೋಗ್ಯವಂತರ ಶ್ವಾಸಕೋಶವನ್ನು ಉಪ್ಪುನೀರಿನಿಂದ ತೊಳೆದು ತೆಗೆದ ದ್ರವವನ್ನು ಹೋಲಿಸಿ 2009ರಲ್ಲಿ ಫಲಿತಾಂಶ ಪ್ರಕಟಿಸಿತು. ಅಸ್ತಮಾ ಇರುವವರಲ್ಲಿ ಕಿಣ್ವದ ಚಟುವಟಿಕೆ ಹೆಚ್ಚು, ರಕ್ಷಕ ಸಂಯುಕ್ತಗಳು ಕಡಿಮೆ. ಕಿಣ್ವ ಎಷ್ಟು ಚುರುಕೋ ಮೆಥಕೋಲಿನ್‌ಗೆ ನಾಳ ಅಷ್ಟು ಮುಂಗೋಪಿ. ಇದು ಸಹಸಂಬಂಧ ಮಾತ್ರ, ಕಾರಣವೆಂದು ಮನುಷ್ಯರಲ್ಲಿ ಸಾಬೀತಾದಂತಲ್ಲ. ಆದರೂ ಇಲಿಗಳು ತೋರಿದ ದಿಕ್ಕಿನಲ್ಲೇ ಬೆರಳು ಚಾಚುತ್ತದೆ. ಕಿಣ್ವದ ಜೀನಿನಲ್ಲಿರುವ ಸಣ್ಣ ವ್ಯತ್ಯಾಸಗಳಿಗೂ ಮಕ್ಕಳ ಅಸ್ತಮಾಕ್ಕೂ ನಂಟಿದೆ ಎಂದು ಮೆಕ್ಸಿಕೊ ನಗರದ ಕುಟುಂಬಗಳ ಅಧ್ಯಯನವೊಂದು ಹೇಳಿತ್ತು, ಬೇರೆ ಜನಸಮುದಾಯಗಳಲ್ಲಿ ಚಿತ್ರ ಅಷ್ಟೇ ನೇರವಾಗಿ ಬರಲಿಲ್ಲ.

ಈ ಕಿಣ್ವಕ್ಕೆ ಇನ್ನೊಂದು ಹಳೆಯ ಹೆಸರಿದೆ, ಅದರಲ್ಲಿ ಒಂದು ಕುತೂಹಲದ ಕೊಂಡಿಯೂ ಇದೆ. ಜಿಎಸ್‌ಎನ್‌ಒ ವಿಷಯ ತಿಳಿಯುವ ಎಷ್ಟೋ ಮೊದಲೇ ಜೀವರಸಾಯನ ಶಾಸ್ತ್ರಜ್ಞರು ಇದನ್ನು ಫಾರ್ಮಾಲ್ಡಿಹೈಡ್ ಡಿಹೈಡ್ರೋಜಿನೇಸ್ ಎಂದು ಬಲ್ಲವರಾಗಿದ್ದರು. ದೇಹದೊಳಗೆ ಹುಟ್ಟುವ, ಹೊರಗಿನಿಂದ ಬರುವ ಫಾರ್ಮಾಲ್ಡಿಹೈಡನ್ನು ನಿರ್ವಿಷಗೊಳಿಸುವುದು ಇದರ ಕೆಲಸ. ಪ್ಲೈವುಡ್, ಪಾರ್ಟಿಕಲ್ ಬೋರ್ಡ್‌ಗಳ ಅಂಟಿನಿಂದ, ತಂಬಾಕಿನ ಹೊಗೆಯಿಂದ ಹೊಮ್ಮುವ ಅನಿಲ ಅದು, ಅಸ್ತಮಾ ಕೆರಳಿಸುವವುಗಳ ಪಟ್ಟಿಯಲ್ಲಿ ಬಹಳ ಕಾಲದಿಂದ ಇದೆ. ಫಾರ್ಮಾಲ್ಡಿಹೈಡ್ ಕೂಡ ಗ್ಲುಟಾಥಯೋನ್‌ಗೇ ಅಂಟಿಕೊಳ್ಳುತ್ತದೆ. ಹಾಗೆ ಅಂಟಿಕೊಂಡದ್ದನ್ನು ಕಿಣ್ವ ಉತ್ಕರ್ಷಿಸುವಾಗ ಎನ್‌ಎಡಿಎಚ್ ಎಂಬ ಸಹಾಯಕ ಅಣು ಹುಟ್ಟುತ್ತದೆ. ಜಿಎಸ್‌ಎನ್‌ಒ ಒಡೆಯಲು ಇದೇ ಕಿಣ್ವಕ್ಕೆ ಬೇಕಾದದ್ದೂ ಅದೇ ಎನ್‌ಎಡಿಎಚ್. ಅಂದರೆ ಫಾರ್ಮಾಲ್ಡಿಹೈಡ್ ಹೆಚ್ಚಾದಾಗ ರಕ್ಷಕ ಅಣುವಿನ ನಾಶಕ್ಕೂ ವೇಗ ಸಿಗಬಹುದು. ಪ್ರಯೋಗಾಲಯದಲ್ಲಿ ಈ ಜೋಡಿ ಕ್ರಿಯೆ ಕಂಡಿದೆ. ಮನೆಯ ಗಾಳಿಯಲ್ಲಿರುವಷ್ಟು ಪ್ರಮಾಣದಿಂದ ಮನುಷ್ಯರ ಶ್ವಾಸನಾಳದಲ್ಲಿ ಹೀಗೇ ಆಗುತ್ತದೆ ಎಂದು ಅದರಿಂದ ತೀರ್ಮಾನಿಸುವುದು ಆತುರವಾಗುತ್ತದೆ. ಹಾಗಿದ್ದರೂ, ಅಲರ್ಜಿ ಹುಟ್ಟಿಸದೆಯೂ ಒಂದು ಅನಿಲ ನಾಳವನ್ನು ಹೇಗೆ ಮುಂಗೋಪಿಯನ್ನಾಗಿ ಮಾಡಬಲ್ಲದು ಎಂಬ ಪ್ರಶ್ನೆಗೆ ಇಷ್ಟು ಅಚ್ಚುಕಟ್ಟಾದ ರಾಸಾಯನಿಕ ವಿವರಣೆ ಸಿಗುವುದು ವಿರಳ.

ಹಾಗಾದರೆ ಕಿಣ್ವವನ್ನು ತಡೆಯುವ ಮಾತ್ರೆ ಏಕೆ ಬಂದಿಲ್ಲ? ಪ್ರಯತ್ನ ನಡೆಯದೇ ಇಲ್ಲ. ಎನ್6022 ಎಂಬ ತಡೆಮದ್ದು ಮನುಷ್ಯರ ಮೇಲಿನ ಪರೀಕ್ಷೆಯವರೆಗೆ ಹೋಯಿತು. ಅದೇ ಬಳಗದ ಇನ್ನೊಂದು ಮದ್ದಾದ ಕ್ಯಾವೊಸೊನ್‌ಸ್ಟಾಟ್ ಅನ್ನು ಸಿಸ್ಟಿಕ್ ಫೈಬ್ರೋಸಿಸ್ ಎಂಬ ಬೇರೆ ಶ್ವಾಸಕೋಶ ಕಾಯಿಲೆಗೆ ಪರೀಕ್ಷಿಸಲಾಯಿತು, 2016ರಲ್ಲಿ ಅದು ಎರಡನೆಯ ಹಂತದಲ್ಲೇ ಸೋತಿತು. ಅಸ್ತಮಾಕ್ಕೆ ವೈದ್ಯರು ಬರೆದುಕೊಡುವ ಔಷಧಗಳಲ್ಲಿ ಈ ಬಗೆಯದು ಯಾವುದೂ ಇಲ್ಲ.

ಎಚ್ಚರಿಕೆಗೆ ಗಟ್ಟಿಯಾದ ಕಾರಣವೂ ಇದೆ. ಅದೇ ಕಿಣ್ವವಿಲ್ಲದ ಇಲಿಗಳಿಗೆ ಬ್ಯಾಕ್ಟೀರಿಯಾದ ವಿಷವನ್ನು ಕೊಟ್ಟಾಗ ಸಾಮಾನ್ಯ ಇಲಿಗಳಿಗಿಂತ ಹೆಚ್ಚು ಸತ್ತವು, ಯಕೃತ್ತಿಗೆ ಹೆಚ್ಚು ಹಾನಿಯಾಯಿತು. ಯಕೃತ್ತಿನ ಕ್ಯಾನ್ಸರ್ ಕೂಡ ಅವುಗಳಲ್ಲಿ ಹೆಚ್ಚು ಎಂದು 2010ರಲ್ಲಿ ವರದಿಯಾಯಿತು. ಶ್ವಾಸಕೋಶದಲ್ಲಿ ತೂತಿನಂತೆ ಕಂಡದ್ದು ಯಕೃತ್ತಿನಲ್ಲಿ ಕಾವಲುಗಾರ. ಹುಟ್ಟಿನಿಂದ ಕಿಣ್ವವೇ ಇಲ್ಲದಿರುವುದಕ್ಕೂ ಕೆಲವು ಗಂಟೆ ಅದನ್ನು ತಗ್ಗಿಸುವುದಕ್ಕೂ ವ್ಯತ್ಯಾಸವಿದೆ, ಒಪ್ಪುತ್ತೇನೆ. ಆದರೆ ಅಸ್ತಮಾ ವರ್ಷಗಟ್ಟಲೆ ಇರುವ ಕಾಯಿಲೆ, ಮಕ್ಕಳಲ್ಲೂ ಇರುವ ಕಾಯಿಲೆ. ರಕ್ತಕ್ಕೆ ಹೋಗದೆ ಶ್ವಾಸನಾಳದಲ್ಲಷ್ಟೇ ಕೆಲಸ ಮಾಡುವಂತೆ ಉಸಿರಿನ ಮೂಲಕ ಕೊಡುವ ದಾರಿಯೇ ಹೆಚ್ಚು ವಿವೇಕದ್ದು ಎಂದು ನನಗೆ ತೋರುತ್ತದೆ.

ಅಂಗಡಿಯಲ್ಲಿ ಸಿಗುವ 'ನೈಟ್ರಿಕ್ ಆಕ್ಸೈಡ್ ಹೆಚ್ಚಿಸುವ' ಪುಡಿ, ಮಾತ್ರೆಗಳ ಬಗ್ಗೆ ಆಸೆ ಬೇಡ. ಅಸ್ತಮಾದಲ್ಲಿ ಅನಿಲದ ಕೊರತೆಯಿಲ್ಲ. ಅನಿಲದಿಂದಾದ ಸಂಯುಕ್ತ ಉಳಿಯುತ್ತಿಲ್ಲ ಎಂಬುದು ಇಲ್ಲಿನ ವಾದ. ಸ್ಟೀರಾಯ್ಡ್ ಇನ್‌ಹೇಲರ್ ಬಿಡಲು ಕೂಡ ಈ ಸಂಶೋಧನೆ ನೆಪವಾಗಬಾರದು. ಉರಿಯೂತವನ್ನು ಸುಮ್ಮನೆ ಬಿಟ್ಟರೆ ನಾಳದ ಗೋಡೆ ಕಾಲಕ್ರಮೇಣ ದಪ್ಪವಾಗುತ್ತದೆ, ಉಬ್ಬಸದ ದಾಳಿಗಳು ಹೆಚ್ಚುತ್ತವೆ.

ಆದರೆ ಆಸ್ಪತ್ರೆಯಲ್ಲಿ ಉಸಿರಿನ ನೈಟ್ರಿಕ್ ಆಕ್ಸೈಡ್ ಪರೀಕ್ಷೆ ಮಾಡಿಸಿಕೊಂಡವರಿಗೆ ಇದರಿಂದ ನೇರವಾದ ಪ್ರಯೋಜನವಿದೆ. ಆ ಯಂತ್ರ ಶತಕೋಟಿಯಲ್ಲಿ ಇಷ್ಟು ಭಾಗ ಎಂದು ಅಂಕಿ ಕೊಡುತ್ತದೆ. ಅಮೆರಿಕನ್ ಥೊರಾಸಿಕ್ ಸೊಸೈಟಿ 2011ರಲ್ಲಿ ಕೊಟ್ಟ ಮಾರ್ಗಸೂಚಿಯಂತೆ ವಯಸ್ಕರಲ್ಲಿ 25ಕ್ಕಿಂತ ಕಡಿಮೆ ಇದ್ದರೆ ಇಯೋಸಿನೊಫಿಲ್ ಉರಿಯೂತ ಇರುವ ಸಂಭವ ಕಡಿಮೆ, 50ಕ್ಕಿಂತ ಹೆಚ್ಚಿದ್ದರೆ ಸಂಭವ ಹೆಚ್ಚು, ಸ್ಟೀರಾಯ್ಡ್‌ಗೆ ಸ್ಪಂದಿಸುವ ಸಾಧ್ಯತೆಯೂ ಹೆಚ್ಚು. ಮಕ್ಕಳಲ್ಲಿ ಈ ಗಡಿಗಳು 20 ಮತ್ತು 35. ಇದು ಉರಿಯೂತದ ಒಂದು ಬಗೆಯ ಅಳತೆ, ನಾಳದ ಮುಂಗೋಪದ ಅಳತೆಯಲ್ಲ, ಜಿಎಸ್‌ಎನ್‌ಒ ಎಷ್ಟಿದೆ ಎಂಬುದನ್ನಂತೂ ಹೇಳುವುದೇ ಇಲ್ಲ. ಅಂಕಿ 15 ಬಂದಿದ್ದರೂ ಮೆಟ್ಟಿಲು ಹತ್ತಿದಾಗ, ರಾತ್ರಿ ಎರಡರ ಹೊತ್ತಿಗೆ, ಅಗರಬತ್ತಿಯ ಹೊಗೆಗೆ ಎದೆ ಬಿಗಿಯುತ್ತಿದ್ದರೆ 'ವರದಿ ಚೆನ್ನಾಗಿದೆ' ಎಂಬ ಮಾತಿಗೆ ಸುಮ್ಮನಾಗಬೇಡಿ. ಸ್ಪೈರೋಮೆಟ್ರಿ ಮಾಡಿಸಿ. ಅದೂ ಸಹಜವಾಗಿ ಬಂದು ಅನುಮಾನ ಉಳಿದರೆ ಮೆಥಕೋಲಿನ್ ಪರೀಕ್ಷೆ ಬೇಕೇ ಎಂದು ಶ್ವಾಸಕೋಶ ತಜ್ಞರನ್ನು ಕೇಳಿ.